ನಾಲ್ಕನೇ ಲೈನಿನ ಕಾರ್ಡು

ನಸುಕಿಗೆ ಮುಂಚೆ ಮುಂಬಯಿಯ ವಡಾಲದ ಚಾಳಿನ ನಲ್ಲಿಯಿಂದ ಆರು ಕೊಡ ನೀರು, ಸ್ಟೋವಿಗೆ ಪಂಪು, ಹದಿನೆಂಟು ರೊಟ್ಟಿ, ಮೂರು ಡಬ್ಬಿ, ಅತ್ತೆಯ ಕಾಲಿಗೆ ಎಣ್ಣೆ. ಇಷ್ಟು ಮುಗಿಸಿ ಮಲಿಕಾ ಘಾಟ್ಕೋಪರಿನ ರೇಡಿಯೋ ಕಾರ್ಖಾನೆಗೆ ಹೊರಡುತ್ತಾಳೆ. "ಕುಂತು ಬರಿಯೋರಿಗೆ ಎಂಥಾ ದಣಿವ, ಬೀಬಿ!" ಎಂಬ ಅತ್ತೆಯ ಮಾತು ಮೆಟ್ಟಿಲವರೆಗೂ ಹಿಂದೆ ಬರುತ್ತದೆ. ಕಾರ್ಖಾನೆಯ ಪ್ರತಿ ಲೈನಿಗೂ ಒಂದು ಕಾರ್ಡು ತುಂಬುವುದು ಅವಳ ಕೆಲಸ: ಗಂಟೆಗೆ ಎಷ್ಟು ನಗ ಮಾಲು ಹೊರಬರಬೇಕು, ನಡುವೆ ಎಷ್ಟು ನಿಮಿಷ ನಿಲುಗಡೆ. ತಿಂಗಳ ಉತ್ಪಾದನೆಯ ಯೋಜನೆಯೆಲ್ಲ ನಿಲ್ಲುವುದು ಆ ಕಾರ್ಡುಗಳ ಮೇಲೆ. ಈ ಲೆಕ್ಕದ ಚಟ ಎಷ್ಟೆಂದರೆ, ಲೋಕಲ್ ರೈಲಿನಲ್ಲಿ ನಿಂತೇ ನಿದ್ದೆಹೋದರೂ ಎಷ್ಟು ನಿಮಿಷ ನಿದ್ದೆ ಮಾಡಿದೆನೆಂದು ಹೇಳಬಲ್ಲಳು. ರೊಟ್ಟಿ ಬಡಿಯುವಾಗಲೂ ತನಗೆ ತಾನೇ ಗಂಟೆಗೆ ನಲವತ್ತೆಂದು ದರ ಕಟ್ಟಿದ್ದಾಳೆ, ನಿಲುಗಡೆ ಸೊನ್ನೆ. ಕಾರ್ಡಿನ ಅಂಕಿಗಳು ಮೊದಲು ಪೆನ್ಸಿಲಿನಲ್ಲಿ, ಮ್ಯಾನೇಜರ್ ತಿದ್ದಿದ ಮೇಲೆ ಶಾಯಿಯಲ್ಲಿ; ಶಾಯಿಗೆ ಬಂದದ್ದು ಮತ್ತೆ ಬದಲಾಗದು. ಕೇಳದೆ ಶಾಯಿ ಬಳಸಿದ ಹಿಂದಿನ ಗುಮಾಸ್ತನ ಕೆಲಸ ಹೋದದ್ದು ಅವಳಿಗೆ ಗೊತ್ತು. ಪ್ರೆಸ್ ಮಶೀನುಗಳಿಗೆ ತಣ್ಣಗಾಗಲು ಗಂಟೆಗೆ ಹತ್ತು ನಿಮಿಷವಿದೆ. ಹೆಂಗಸರು ತಂತಿ ಬೆಸೆಯುವ ನಾಲ್ಕನೇ ಲೈನಿನ ಸರದಿ ಬಂದಾಗ ಮ್ಯಾನೇಜರ್, "ಅರವತ್ತು ನಗ, ನಿಲುಗಡೆ ಸೊನ್ನೆ. ಅಲ್ಲಿ ಮಶೀನೇ ಇಲ್ಲ ಮಲಿಕಾಬಾಯಿ, ತಣ್ಣಗಾಗೋದು ಏನು?" ಎಂದು ನಕ್ಕು ಊಟಕ್ಕೆ ಹೋದ. ಆ ಲೈನಿನ ಹನುಮವ್ವ ಈಗಿರುವ ಗಂಟೆಗೆ ಐವತ್ತೈದರ ದರಕ್ಕೇ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕಾಗುತ್ತದೆ. ಖಾಲಿ ಕೋಣೆಯಲ್ಲಿ ಮಲಿಕಾ ಪೆನ್ಸಿಲನ್ನು ಡ್ರಾಯರಿನೊಳಗಿಟ್ಟಳು. ಪೆನ್ನು ತೆರೆದು ಶಾಯಿಯಲ್ಲೇ ಬರೆದಳು: ಐವತ್ತು ನಗ, ನಿಲುಗಡೆ ಹತ್ತು ನಿಮಿಷ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.