ಮೇಜರ್ ರೈಗಳ ಯುರೋಪ್ ಕಾರ್ಯಾಚರಣೆ

ಮೇಜರ್ ಸಂಜೀವ ರೈಗಳ ಬೆನ್ನು ಯುರೋಪಿನ ಎಲ್ಲ ಮುಖ್ಯ ಸ್ಮಾರಕಗಳ ಮುಂದೆಯೂ ನಿಂತಿದೆ. ಮುಖವಲ್ಲ, ಬೆನ್ನು. ಮೇಲೊಂದು ಕೆಂಪು ಟೋಪಿ. ಫೋಟೊ ತೆಗೆದವರು ಅವರ ಹೆಂಡತಿ, ಸೇನೆಯ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಯಾಗಿದ್ದು ನಿವೃತ್ತರಾದ ಲೆಫ್ಟಿನೆಂಟ್ ಕರ್ನಲ್ ಐರಿನ್. ಹುದ್ದೆಯಲ್ಲಿ ಗಂಡನಿಗಿಂತ ಒಂದು ಮೆಟ್ಟಿಲು ಮೇಲೆ, ನಡಿಗೆಯಲ್ಲಿ ಬಹಳ ಹಿಂದೆ. ವಾರ್ಡುಗಳಲ್ಲಿ ನಿಂತೂ ನಿಂತೂ ಅವರ ಮಂಡಿಗಳು ಸವೆದುಹೋಗಿದ್ದವು.

"ನಂಗೆ ಯುರೋಪಿನಲ್ಲಿ ಒಂದೇ ಒಂದು ಕಡೆ ಕೂತ್ಕೊಳ್ಳಬೇಕು. ಮತ್ತೆಂತದೂ ಬೇಡ" ಎಂದು ಅವರು ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದರು.

"ಕೂತ್ಕೊಳ್ಳಲಿಕ್ಕೆ ಮನೆಯಲ್ಲಿ ಸೋಫಾ ಉಂಟಲ್ಲ ಮಾರಾಯ್ತಿ! ಅದಕ್ಕೆ ವೀಸಾ ಎಂತಕ್ಕೆ?" ಎಂದು ಮೇಜರ್ ಪ್ರತಿ ಬೇಸಿಗೆಯಲ್ಲೂ ಉತ್ತರಿಸುತ್ತಿದ್ದರು.

ಆ ಸೋಫಾ ಇದ್ದದ್ದು ಐನ್ ಖಾಲಿದ್‌ನಲ್ಲಿ, ನಮ್ಮ ವಿಲ್ಲಾದ ಪಕ್ಕದಲ್ಲಿ. ದೋಹಾದ ಆಕಾಶದಲ್ಲಿ ಹಕ್ಕಿಗಳಿಗಿಂತ ಕ್ರೇನುಗಳು ಹೆಚ್ಚಿದ್ದ ವರ್ಷಗಳು ಅವು. ಮೇಜರ್ ಮೆಸಯೀದ್‌ನ ಒಂದು ಕಾರ್ಖಾನೆಯಲ್ಲಿ ಭದ್ರತಾ ಮುಖ್ಯಸ್ಥ. ನಾನು ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪಾದರಸ ಅಳೆಯುವವನು. ಗೇಟ್ ಪಾಸಿಲ್ಲದೆ ನೊಣವೂ ಒಳಬರಬಾರದು ಎನ್ನುವುದು ಅವರ ಧರ್ಮ. ಒಮ್ಮೆ ಜನರಲ್ ಮ್ಯಾನೇಜರನ್ನೇ ಬಿಸಿಲಿನಲ್ಲಿ ನಿಲ್ಲಿಸಿ, "ನಿಮ್ಮ ಮುಖ ನನಗೆ ಗೊತ್ತುಂಟು ಸರ್. ನಿಮ್ಮ ಪಾಸು ಗೊತ್ತಿಲ್ಲ" ಎಂದಿದ್ದರಂತೆ. ಈ ಕಥೆಯನ್ನು ನನಗೆ ಹೇಳಿದವರು ಮೇಜರೇ. ಆದ್ದರಿಂದ ಅರ್ಧ ನಂಬಿದರೆ ಸಾಕು.

ವರ್ಷವಿಡೀ ಗೇಟು ಕಾದು, ಬೇಸಿಗೆಯಲ್ಲಿ ಅವರು ಯುರೋಪನ್ನು ವಶಪಡಿಸಿಕೊಳ್ಳಲು ಹೊರಡುತ್ತಿದ್ದರು. ಊಟದ ಮೇಜಿನ ಮೇಲೆ ಭೂಪಟ, ಭೂಪಟದ ಮೇಲೆ ಗುಂಡುಸೂಜಿಗಳು. ಸೂಟ್‌ಕೇಸಿನಲ್ಲಿ ಕುಕ್ಕರ್, ಕುಚ್ಚಲಕ್ಕಿ, ಒಣಮೀನಿನ ಚಟ್ನಿ. ಹೋಟೆಲಿನವರು ಕುಕ್ಕರಿನ ಸೀಟಿ ಕೇಳಿ ಬೆಂಕಿ ಬಿತ್ತೆಂದು ಓಡಿಬಂದದ್ದನ್ನು ಮೇಜರ್ ಒಂದು ವಿಜಯದಂತೆ ವರ್ಣಿಸುತ್ತಿದ್ದರು.

"ಪ್ಯಾರಿಸ್ ಹೇಗಿತ್ತು ಸರ್?" ಎಂದರೆ, "ಖಲಾಸ್."

"ರೋಮ್?"

"ಅದೂ ಖಲಾಸ್. ಬೆಳಿಗ್ಗೆಯೇ."

ಕಳೆದುಹೋಗದಿರಲಿ ಎಂದು ಹೆಂಡತಿಗೆ ಒಂದೇ ಆದೇಶ: ಕೆಂಪು ಟೋಪಿಯನ್ನು ಹಿಂಬಾಲಿಸು. "ಯುರೋಪ್ ಹೇಗುಂಟು ಅಂತ ನನ್ನ ಹತ್ರ ಕೇಳಬೇಡಿ" ಎನ್ನುತ್ತಿದ್ದರು ಐರಿನ್ ಮೇಡಂ. "ಈ ಮನುಷ್ಯನ ಕುತ್ತಿಗೆ ಹೇಗುಂಟು ಅಂತ ಕೇಳಿ, ಹೇಳ್ತೇನೆ."

ಆ ವರ್ಷ ಮಂಡಿನೋವು ಜೋರಾಗಿತ್ತು. "ಇದು ನನ್ನ ಕೊನೆಯ ಟೂರ್. ಈ ಸಲವಾದರೂ ಕೂರಿಸ್ತೀರಾ ಇಲ್ವಾ?" ಎಂದು ಮೇಡಂ ನಮ್ಮೆದುರೇ ಕೇಳಿದರು. ಮೇಜರ್ ಭೂಪಟಕ್ಕೆ ಇನ್ನೊಂದು ಸೂಜಿ ಚುಚ್ಚಿದರು. ವಿಯೆನ್ನಾ.

ಕತಾರಿನಲ್ಲಿ ಕೆಲಸಕ್ಕಿರುವವನು ದೇಶ ಬಿಡಬೇಕಾದರೆ ಕಂಪನಿಯ ಅನುಮತಿ ಬೇಕಾಗಿತ್ತು. ಎಕ್ಸಿಟ್ ಪರ್ಮಿಟ್. ಅದಕ್ಕೆ ಸಹಿ ಹಾಕುವ ಅಧಿಕಾರ ಪಡೆದಿದ್ದ ಮ್ಯಾನೇಜರು ಆ ವಾರ ರಜೆಯಲ್ಲಿದ್ದರು. ಬೇರೆ ಯಾರಾದರೂ ಆಗಿದ್ದರೆ ಆಡಳಿತ ಕಚೇರಿಗೆ ಅಲೆದು ಗೋಗರೆಯುತ್ತಿದ್ದರು. ಮೇಜರ್ ಸೇನೆಯ ಪದ್ಧತಿಯಂತೆ ಯೋಚಿಸಿದರು: ಕಮಾಂಡಿಂಗ್ ಆಫೀಸರ್ ಇಲ್ಲದಾಗ ಮುಂದಿನ ಹಿರಿಯ ಅಧಿಕಾರಿ ಅವರ ಪರವಾಗಿ ಸಹಿ ಹಾಕಬೇಕು. ಮುಂದಿನ ಹಿರಿಯ ಅಧಿಕಾರಿ ಯಾರು? ಮೇಜರ್ ರೈ. ತಾನು ಹೊರಡಲು ತಾನೇ ಅನುಮತಿ ಕೊಟ್ಟು, ಪಾಸಿಲ್ಲದವರನ್ನು ಒಳಬಿಡದ ಆ ಮನುಷ್ಯ ನಿಷ್ಠೆಯಿಂದ ಮೊಹರನ್ನೂ ಒತ್ತಿಕೊಂಡರು.

ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಂತೆ ಹೇಳುವ ರೂಢಿ ಮಾಡಿಕೊಂಡಿದ್ದೇನೆ. ನಿಜವೆಂದರೆ ಅವರನ್ನು ಕಾರಿನಲ್ಲಿ ಬಿಟ್ಟ ನಾನು ಆಗ ಹೊರಗೆ ಪಾರ್ಕಿಂಗ್‌ನಲ್ಲಿ ಕರಕ್ ಚಹಾ ಕುಡಿಯುತ್ತಿದ್ದೆ. ಕೌಂಟರಿನ ಯುವ ಅಧಿಕಾರಿ ಕಾಗದ ನೋಡಿ, ಕಂಪ್ಯೂಟರ್ ನೋಡಿ, "ಮಾಫಿ ಪರ್ಮಿಟ್", ಅಂದರೆ ಪರ್ಮಿಟ್ ಇಲ್ಲ, ಎಂದನಂತೆ. ಮೇಜರ್ ತಮ್ಮ ಸೇನೆಯ ನಿಯಮವನ್ನು ವಿವರಿಸಿದರಂತೆ. ಅವನು ನಗುತ್ತ, ಮೇಡಂಗೆ ಇದು ಬೇಡ, ಅವರು ಹೋಗಬಹುದು ಎಂದನಂತೆ. ಅವರ ವೀಸಾಕ್ಕೆ ಹೊಣೆಯಾದ ಸ್ಪಾನ್ಸರ್ ಯಾರು ಎಂದೂ ಕೇಳಿದನಂತೆ.

"ನಾನು" ಎಂದರು ಮೇಜರ್.

"ನೀವು ಕಳಿಸ್ತೀರಾ?"

ಇಲ್ಲಿಂದ ಮುಂದಿನ ಕಥೆಗೆ ಎರಡು ಪಾಠಾಂತರಗಳಿವೆ. ಮೇಜರ್ ಪ್ರಕಾರ ಅವರು ಹೆಂಡತಿಯನ್ನು ಮುಂಗಾವಲು ತುಕಡಿಯಾಗಿ ಮುನ್ನುಗ್ಗಲು ಆದೇಶಿಸಿದರು. ಮೇಡಂ ಪ್ರಕಾರ, "ಈ ಮನುಷ್ಯ ಬಾಯಿ ತೆರೆಯುವಷ್ಟರಲ್ಲಿ ನಾನು ಆಚೆ ಬದಿ." ನನ್ನ ಹತ್ತಿರ ಮೂರನೆಯದೊಂದು ಇದೆ: ಮೇಡಂ ತಿರುಗಿ ಸೆಲ್ಯೂಟ್ ಹೊಡೆದರು ಅಂತ. ಅದು ನಾನು ಸೇರಿಸಿದ್ದು. ಮೇಜರ್ ನನಗೆ ಫೋನ್ ಮಾಡಿದ್ದಂತೂ ಸತ್ಯ. "ಗಾಡಿ ವಾಪಸ್ ತಾ ಮಾರಾಯ. ಒಂದೇ ಪ್ಯಾಸೆಂಜರ್."

ಮ್ಯಾನೇಜರು ರಜೆ ಮುಗಿಸಿ ಬರುವಷ್ಟರಲ್ಲಿ ಟೂರೂ ಮುಗಿಯುತ್ತಿತ್ತು; ಅಲ್ಲಿಯವರೆಗೆ ಮೇಜರ್ ಐನ್ ಖಾಲಿದ್‌ನಿಂದಲೇ ಯುದ್ಧ ನಡೆಸಿದರು. ಪ್ರತಿ ಸಂಜೆ ಫೋನ್.

"ಎಲ್ಲಿದ್ದಿ?"

"ನೀವು ಹೇಳಿದ ಕಡೆಯೇ."

"ವೆರಿ ಗುಡ್. ನಾಳೆ ಮ್ಯೂನಿಕ್."

"ಆಯ್ತು ಸರ್."

ಅವರು ಸೂಜಿ ಕಿತ್ತು ಮುಂದೆ ಚುಚ್ಚುತ್ತಿದ್ದರು. ಫೋನಿಟ್ಟ ಮೇಲೆ ನನ್ನತ್ತ ನೋಡಿ, "ಮಂಡಿನೋವು ಅಂತ ಒಂದು ಮಾತಿಲ್ಲ, ನೋಡಿದ್ಯಾ? ನಾನು ಎದುರಿಗಿದ್ರೆ ಮಾತ್ರ ನೋಯುವುದು" ಎನ್ನುತ್ತಿದ್ದರು. ತಾವು ಹೇಳಿದ್ದರ ಅರ್ಥ ಅವರಿಗೆ ಹೊಳೆಯಲಿಲ್ಲ.

ಮೇಡಂ ಮರಳಿದ ಮೇಲೆ ಎಂದಿನಂತೆ ಅವರ ಮನೆಯ ಹಾಲ್‌ನಲ್ಲಿ ಫೋಟೊ ಪ್ರದರ್ಶನ. ನಮ್ಮ ವಿಲ್ಲಾಗಳ ಕಾಂಪೌಂಡಿನ ಕನ್ನಡದವರಿಗೆಲ್ಲ ಹಾಜರಾತಿ ಕಡ್ಡಾಯ. ಕೋರಿ ರೊಟ್ಟಿಯ ಆಸೆಗೆ ಹೋಗುತ್ತಿದ್ದೆವು. ಮೇಜರ್ ಕೋಲು ಹಿಡಿದು ಟಿವಿಯ ಪಕ್ಕ ನಿಂತರು. ಮೊದಲ ಚಿತ್ರ: ಲೂಸರ್ನ್‌ನ ಕೆರೆ, ಕೆರೆಯ ಮುಂದೊಂದು ಬೆಂಚು.

"ನೆಕ್ಸ್ಟ್" ಎಂದರು ಮೇಜರ್.

ಅದೇ ಕೆರೆ, ಅದೇ ಬೆಂಚು, ಸಣ್ಣ ಮಳೆ.

"ನೆಕ್ಸ್ಟ್."

ಅದೇ ಬೆಂಚು. ಮೇಲೊಬ್ಬ ಅಜ್ಜಿ, ಬಟಾಣಿ ಸುಲಿಯುತ್ತಿದ್ದಾಳೆ.

"ಇದು ವಿಯೆನ್ನಾವಾ?"

"ಅಲ್ಲ" ಎಂದರು ಮೇಡಂ. "ಮಧ್ಯಾಹ್ನ."

ಚಿತ್ರಗಳು ಬರುತ್ತಲೇ ಇದ್ದವು: ಬಾತುಕೋಳಿ, ಬ್ರೆಡ್ಡು, ಅಜ್ಜಿ, ಮತ್ತೆ ಅಜ್ಜಿ. ಒಂದರಲ್ಲೂ ಕೆಂಪು ಟೋಪಿ ಇಲ್ಲ. ಮೇಜರ್ ಕೋಲನ್ನು ಗೋಡೆಗೆ ಒರಗಿಸಿದರು. "ಇಷ್ಟು ದಿನ ಎಂತ ನೋಡಿದ್ದು ಅಲ್ಲಿ?" ಸ್ವರ ತುಂಬ ಸಣ್ಣದಾಗಿತ್ತು.

"ನೀರು" ಎಂದರು ಮೇಡಂ. "ನೀವೂ ಇದ್ದಿದ್ರೆ ಚೆನ್ನಾಗಿತ್ತು. ಆದ್ರೆ ನೀವು ಕೂತ್ಕೊಳ್ತಾ ಇರ್ಲಿಲ್ಲ, ಅಲ್ವಾ?"

ಮೇಜರ್ ರೊಟ್ಟಿ ಬಡಿಸಲು ಒಳಗೆ ಹೋದರು. ಅವರು ಬಡಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ದಿನದಿಂದ ಅವರು ಬದಲಾದರು ಎಂದು ಬರೆದರೆ ಚಂದವಾಗಿರುತ್ತದೆ. ಬದಲಾಗಲಿಲ್ಲ. ಮಾರನೆಯ ದಿನವೇ ಕಾರ್ಖಾನೆಯ ಬಸ್ಸಿನಲ್ಲಿ, "ಶಿಸ್ತು ಇಲ್ಲದ ಆಫೀಸರ್! ನರ್ಸಿಂಗ್‌ನವರಿಗೆ ಮ್ಯಾಪ್ ರೀಡಿಂಗ್ ಕಲಿಸುವುದೇ ಇಲ್ಲ" ಎಂದು ಗೊಣಗಿದರು. ಭೂಪಟ ಮಾತ್ರ ಊಟದ ಮೇಜಿನಿಂದ ಎದ್ದುಹೋಯಿತು.

ಮುಂದಿನ ವರ್ಷ ಅವರ ಒಪ್ಪಂದ ಮುಗಿಯಿತು. ಮೇಡಂ ಮಂಡಿಯ ಆಪರೇಷನ್ ಮಂಗಳೂರಿನಲ್ಲೇ ಆಗಲಿ ಎಂದರು. ವಿಮಾನ ನಿಲ್ದಾಣಕ್ಕೆ ಬಿಡಲು ನಾನು, ನನ್ನ ಹೆಂಡತಿ ಹೋಗಿದ್ದೆವು. ಮೇಜರ್ ಈ ಸಲ ಸರಿಯಾದವರ ಸಹಿ ಇದ್ದ ಪರ್ಮಿಟ್ಟನ್ನು ನಮ್ಮಿಬ್ಬರಿಗೂ ತೋರಿಸಿ, ಕೆಂಪು ಟೋಪಿ ಏರಿಸಿ, "ಯಲ್ಲಾ, ಕರ್ನಲ್ ಸಾಹಿಬಾ" ಎಂದು ಹೊರಟರು. ಮೇಡಂ ಹೊರಡಲಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು.

ಮೇಜರ್ ಹಿಂದೆ ನೋಡದೆಯೇ ತಕ್ಷಣ ನಿಂತರು ಎಂಬುದು ನನ್ನ ನೆನಪು. ಕೌಂಟರಿನ ತನಕ ಹೋಗಿ, ಹಿಂದೆ ಯಾರೂ ಇಲ್ಲದ್ದು ಕಂಡು, ಬೈಯುತ್ತ ವಾಪಸ್ ಬಂದರು ಎಂದು ನನ್ನ ಹೆಂಡತಿಯ ನೆನಪು. ಅವಳದ್ದೇ ಅವರಿಗೆ ಹೆಚ್ಚು ಒಪ್ಪುತ್ತದೆ, ಅದನ್ನೇ ಇಟ್ಟುಕೊಳ್ಳೋಣ. ವಾಪಸ್ ಬಂದವರು ಗಡಿಯಾರ ನೋಡಿದರು, ಕೌಂಟರಿನ ಸಾಲು ನೋಡಿದರು, ಕೊನೆಗೆ ಟ್ರಾಲಿಯನ್ನು ಬದಿಗೆ ತಳ್ಳಿ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಅಟೆನ್ಷನ್‌ನಲ್ಲೇ ಕೂತರು. ಎದುರಿಗೆ ನೋಡುವಂಥದ್ದು ಏನೂ ಇರಲಿಲ್ಲ, ನೆಲ ಒರೆಸುವ ಯಂತ್ರವೊಂದರ ಹೊರತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

ನಾವು ಹೊರಟೆವು. ಗಾಜಿನಾಚೆಯಿಂದ ತಿರುಗಿ ನೋಡಿದಾಗ ಕೆಂಪು ಟೋಪಿ ಇನ್ನೂ ಅಲ್ಲೇ ಇತ್ತು, ಅವರ ತಲೆಯ ಮೇಲಲ್ಲ, ಮಡಿಲಲ್ಲಿ.