ಎರಡು ಒಲೆ, ಒಂದೇ ಹೊಗೆಗೂಡು

ಇವತ್ತು ಬೆಳಿಗ್ಗೆ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಹಿತ್ತಲಲ್ಲಿ ಸೊಸೆ ನೀರೊಲೆಗೆ ಉರಿ ಹಚ್ಚಿದ್ದಳು. ಹೇಳದೆ ಕೇಳದೆ ನಾಲ್ಕು ಹನಿ ಮಳೆ ಬಿತ್ತು. ಕಾದ ಮಸಿಯ ಮೇಲೆ ಮಳೆಹನಿ ಬಿದ್ದಾಗ ಒಂದು ವಾಸನೆ ಏಳುತ್ತದೆ ನೋಡಿ, ಪೂರ್ತಿ ಕಹಿಯಲ್ಲ, ಪೂರ್ತಿ ಘಾಟೂ ಅಲ್ಲ. ಹಸಿ ಮಣ್ಣಿನ ವಾಸನೆಯನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಹಸಿ ಮಸಿಯನ್ನು ಕೇಳುವವರಿಲ್ಲ. ನಾನಂತೂ ಸ್ನಾನಕ್ಕೆಂದು ಹೊರಟವಳು ಅಲ್ಲೇ ನಿಂತುಬಿಟ್ಟೆ. ನಿಂತದ್ದು ಬಳ್ಳಾರಿಯಲ್ಲಿ, ಮನಸ್ಸು ಹೋಗಿ ಕೂತದ್ದು ಕುರುಗೋಡಿನ ಅಡುಗೆಮನೆಯಲ್ಲಿ.

ನಾನು ಸಿರುಗುಪ್ಪದವಳು. ಹೊಳೆ ನೋಡಿಕೊಂಡು, ಭತ್ತದ ಗದ್ದೆಯ ಕೆಸರು ತುಳಿದುಕೊಂಡು ಬೆಳೆದವಳಿಗೆ ಮದುವೆಯಾಗಿ ಬಂದ ಕುರುಗೋಡಿನಲ್ಲಿ ಎತ್ತ ನೋಡಿದರೂ ಕಲ್ಲೇ ಕಂಡಿತು. ಗುಡ್ಡ ಕಲ್ಲು, ಗೋಡೆ ಕಲ್ಲು, ಮಾಳಿಗೆಗೆ ಹಾಸಿದ್ದೂ ಕಲ್ಲು, ಆ ಮಾಳಿಗೆಯ ಮೇಲೆ ಎದ್ದು ನಿಂತ ಹೊಗೆಗೂಡೂ ಕಲ್ಲಿನದೇ. ಮಾವನವರ ಮುಖ ನೋಡಿದರೆ ಅವರನ್ನೂ ಅದೇ ಗುಡ್ಡದಿಂದ ಕಡೆದು ತಂದಿದ್ದಾರೆ ಅನ್ನಿಸುತ್ತಿತ್ತು.

ಆಗ ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು. ಜಿಲ್ಲೆ ಯಾರ ಪಾಲಿಗೆ, ಯಾವ ತಾಲ್ಲೂಕು ಎತ್ತ ಎಂದು ಕಟ್ಟೆಕಟ್ಟೆಯ ಮೇಲೂ ಮಾತು. ನಮ್ಮ ಮನೆಯಲ್ಲಿ ಆ ಚಿಂತೆ ಇರಲಿಲ್ಲ. ನಮ್ಮದು ಮೊದಲೇ ಪಾಲಾಗಿತ್ತು. ಮಾವನವರು ಯಾವುದೋ ಸಿಟ್ಟಿನಲ್ಲಿ ಎತ್ತಿಗೆ ಬೈದ ಬೈಗುಳವನ್ನು ಅವರ ತಮ್ಮ, ಅಂದರೆ ನಮ್ಮ ಸಣ್ಣಮಾವ, ತನಗೇ ಬೈದದ್ದೆಂದು ತಿಳಿದರಂತೆ. ಅಣ್ಣ ಅಲ್ಲವೆನ್ನಲಿಲ್ಲ, ತಮ್ಮ ಮತ್ತೆ ಕೇಳಲಿಲ್ಲ. ಮುಂಬಾಗಿಲಿನಿಂದ ಹಿತ್ತಿಲ ತನಕ ಗೋಡೆ ಎದ್ದಿತು. ಅಡುಗೆಮನೆಯೂ ಎರಡಾಯಿತು, ಗೋಡೆಯ ಎರಡು ಬದಿಗೆ ಎರಡು ಒಲೆ. ಆದರೆ ಗೋಡೆ ಹೊಗೆಗೂಡಿನ ಬುಡದವರೆಗೆ ಬಂದು ನಿಂತುಬಿಟ್ಟಿತ್ತು. ಎಲ್ಲವನ್ನೂ ಹಂಚಿಕೊಂಡ ಅಣ್ಣತಮ್ಮಂದಿರು ಹೊಗೆಯನ್ನು ಹಂಚುವುದು ಮರೆತಿದ್ದರು.

ನನಗೆ ಇದ್ಯಾವುದೂ ಗೊತ್ತಿಲ್ಲ. ಬಂದ ಹೊಸತರಲ್ಲಿ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತಿದ್ದೆ. ಮೇಲೆ ಹೊಗೆಯೊಳಗಿಂದ ಒಂದು ಮೆತ್ತನೆಯ ದನಿ ಇಳಿದು ಬಂತು: “ಹೊಸಾ ಸೊಸಿ ರೊಟ್ಟಿ ಚಲೋ ಬಡೀತಾಳಲ್ಲಕ್ಕಾ. ಸಪ್ಪಳದಾಗ ಗೊತ್ತಾಗ್ತೈತಿ.”

ಹೊಗಳಿಕೆಯೇನೋ ನಿಜ, ಆದರೆ ಹೊಗೆಗೂಡು ಹೊಗಳಿದರೆ ಯಾರಿಗೆ ಧೈರ್ಯ ಉಳಿದೀತು? ಹಿಟ್ಟಿನ ಕೈಯಲ್ಲೇ ಕಿರುಚಿ ಬಾಗಿಲಿಗೆ ಓಡಿದೆ. ಅತ್ತೆ ನನ್ನ ರಟ್ಟೆ ಹಿಡಿದು ಕೂರಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ದೆವ್ವ ಅಲ್ಲವಾ, ಅಕಿ ನಿಮ್ಮ ಸಣ್ಣತ್ತಿ. ಗಂಡಸರ ಮುಂದ ಬಾಯಿ ಬಿಟ್ಟೀ ಮತ್ತ!”

ಬಾವಿಕಟ್ಟೆಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗಬೇಕಾಗಿದ್ದ ಆ ಇಬ್ಬರೂ ಒಲೆಯ ಮುಂದೆ ಕೂತು ದಿನವಿಡೀ ಮಾತಾಡುತ್ತಿದ್ದರು. ಮಾತು ಹೊಗೆಯ ಜೊತೆ ಏರಿ, ಗೋಡೆ ಮುಗಿದಲ್ಲಿ ಹೊರಳಿ, ಆ ಬದಿಗೆ ಇಳಿಯುತ್ತಿತ್ತು. ಮಧ್ಯಾಹ್ನ ಗೂಡಿನ ಬಾಯಿಂದ ಬಿಸಿಲು ಕೋಲಿನಂತೆ ಇಳಿದು, ನೀಲಿ ಹೊಗೆ ಅದರಲ್ಲಿ ನಿಧಾನ ತಿರುಗುವಾಗ, ಸಣ್ಣತ್ತೆ ಏನೋ ಗುನುಗುವಳು. ಅತ್ತೆ ಕಣ್ಣು ಮುಚ್ಚಿ ಕೇಳುವರು. ನಾನು ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸುಖದಲ್ಲಿ ಗೋಡೆಗೆ ಒರಗಿರುತ್ತಿದ್ದೆ. ಸಣ್ಣತ್ತೆಯ ಮುಖವನ್ನು ಸರಿಯಾಗಿ ನೋಡುವ ಮೊದಲೇ ಅವಳ ದನಿ ನನಗೆ ತವರಿನಷ್ಟು ಬಳಕೆಯಾಗಿತ್ತು.

ಆ ವರ್ಷದ ಮಳೆಗೆ ಹೊಗೆಗೂಡು ಸೋರತೊಡಗಿತು. ಕಲ್ಲಿನ ಸಂದುಗಳ ಹಳೆಯ ಗಾರೆ ಉದುರಿ, ಮಸಿನೀರು ಎರಡೂ ಒಲೆಗೆ ಬಿತ್ತು. ಮಾವನವರು ಮಾಳಿಗೆ ಹತ್ತಿ ತಮ್ಮ ಬದಿಗೆ ಗೋಣಿತಟ್ಟು ಮುಚ್ಚಿದರು. ನೀರೆಲ್ಲ ಆಚೆ ಇಳಿಯಿತು. ಸಣ್ಣಮಾವ ತಮ್ಮ ಬದಿಗೆ ತಗಡು ಇಟ್ಟರು. ನೀರು ವಾಪಸು ನಮ್ಮ ರೊಟ್ಟಿಯ ಹಂಚಿಗೆ ಬಂತು. ಕರಿ ಚುಕ್ಕೆಯ ರೊಟ್ಟಿಯನ್ನು ಇಬ್ಬರೂ ತಿಂದರೇ ಹೊರತು, ರಿಪೇರಿ ಮಾಡೋಣವೆಂದು ಮೊದಲು ಬಾಯಿ ಬಿಡಲು ಇಬ್ಬರೂ ತಯಾರಿಲ್ಲ. ಕಡೆಗೆ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಗಾರೆ ಕೆಲಸದ ಗೌಂಡಿ ಹುಸೇನಪ್ಪನಿಗೆ ಹೇಳಿಕಳಿಸಿದರು. ಅವನು ಜಾಣ, ಒಂದೇ ಹೊತ್ತಿಗೆ ಬಂದ.

ಅತ್ತೆ ನನ್ನ ಕೈಗೆ ಮಜ್ಜಿಗೆಯ ತಂಬಿಗೆ ಕೊಟ್ಟು ಮೇಲೆ ಕಳಿಸಿದರು. ಸೆರಗು ಜಾರದಂತೆ, ಮಜ್ಜಿಗೆ ಚೆಲ್ಲದಂತೆ ಏಣಿ ಹತ್ತುವುದು ಸುಲಭವಲ್ಲ. ಎರಡನೆಯದರಲ್ಲಿ ನಾನು ಸೋತೆ. ಮೇಲೆ ತಲೆ ಎತ್ತಿದರೆ ಅಣ್ಣ ಆ ಕಡೆ, ತಮ್ಮ ಈ ಕಡೆ, ನಡುವೆ ಗೂಡು ತಟ್ಟಿ ನೋಡುತ್ತಿರುವ ಹುಸೇನಪ್ಪ.

“ಬುಡದಿಂದ ಬಿರುಕು ಬಿಟ್ಟೈತ್ರಿ. ಬಿಚ್ಚಿ ಹೊಸಾದು ಕಟ್ಟಬೇಕು,” ಎಂದ ಅವನು.

“ಹಂಗಾರ ನಡುವ ಒಂದು ಕಲ್ಲಬಂಡಿ ನಿಲ್ಲಿಸೋಣಂತ ಅವಗ ಹೇಳಪಾ,” ಎಂದರು ಮಾವ, ಆಕಾಶ ನೋಡುತ್ತ. “ಅವರ ಹೊಗಿ ಅವರಿಗಿ, ನಮ್ಮ ಹೊಗಿ ನಮಗ.”

“ನನ್ನ ಮನಸಿನ್ಯಾಗೂ ಅದಾ ಇತ್ತು ಅಂತ ಹೇಳು,” ಎಂದರು ಸಣ್ಣಮಾವ, ಗುಡ್ಡ ನೋಡುತ್ತ.

ಅಷ್ಟು ವರ್ಷಗಳಲ್ಲಿ ಅಣ್ಣತಮ್ಮ ಒಪ್ಪಿದ ಮೊದಲ ಮಾತು ಅದು. ಕೆಳಗೆ ಇಬ್ಬರು ಹೆಂಗಸರೂ ಅದನ್ನು ಕೇಳುತ್ತಿದ್ದಾರೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆದೆ, ಹೊಸ ಸೊಸೆಯ ಗಂಟಲಿನಿಂದ ಏನೂ ಹೊರಡಲಿಲ್ಲ.

ಹೊರಟದ್ದು ಹೊಗೆಗೂಡಿನಿಂದ.

“ಬಾವಾರ.”

ಮೂವರೂ ತಿರುಗಿದರು. ಭಾವನ ಎದುರು ನಿಲ್ಲದವಳು, ಭಾವನಿಗೆ ಕೇಳುವಂತೆ ಒಂದು ದಿನವೂ ಮಾತಾಡದವಳು ಸಣ್ಣತ್ತೆ. ತೆಳ್ಳಗಿನ ಹೊಗೆಯ ಜೊತೆ ಆ ದನಿ ನಡುಗುತ್ತ ಮೇಲೆ ಬಂತು.

“ಬಾವಾರ, ತಪ್ಪು ತಿಳೀಬ್ಯಾಡ್ರಿ. ನನ್ನ ಕೂಸು ಹೋದಾಗ ಈ ಮನಿಯಾಗ ನಾ ಒಬ್ಬಾಕಿನ ಇದ್ದೆ. ಇವರು ಹೊಲದಾಗ ಇರತಿದ್ರು. ನನಗ ಒಲಿ ಹಚ್ಚಾಕೂ ಮನಸು ಇರಲಿಲ್ಲ. ಅಕ್ಕ ಆ ಕಡಿ ಕುಂತು, ಏಳವಾ, ಒಲಿ ಹಚ್ಚವಾ, ಒಂದು ತುತ್ತು ಉಣ್ಣವಾ ಅಂತ ದಿನಾ ಕರದಾರ. ನಾ ಅಳೂತನಕ ಕೇಳ್ಯಾರ. ಆ ದನಿ ಹಿಡಕೊಂಡು ನಾ ಬದುಕೀನಿ. ನಡುವ ಆ ಕಲ್ಲು ಇಡಬ್ಯಾಡ್ರಿ.”

ಆಮೇಲೆ ಮೈದುನನನ್ನು ಕರೆಯುತ್ತ ಅತ್ತೆಯ ದನಿ ಬಂತು, ಅದು ನಡುಗಲಿಲ್ಲ. “ಈರಣ್ಣಾ, ನೀ ಸಣ್ಣಾಂವ ಇದ್ದಾಗ ಈ ಒಲಿ ಮುಂದನ ನಿನಗ ಉಣ್ಣಾಕ ಇಟ್ಟೀನಿ. ನನ್ನ ಮಾತು ನಡೀತೈತೋ ಇಲ್ಲೋ ಹೇಳು.”

ಸಣ್ಣಮಾವನ ಮುಖ ನೋಡಲಾಗಲಿಲ್ಲ. ಹೆಂಡತಿ ಆ ದಿನಗಳನ್ನು ಹೇಗೆ ಕಳೆದಳೆಂದು ಅವರು ಕೇಳಿದ್ದು ಬಹುಶಃ ಆಗಲೇ. ಅವರು ಹೊಗೆಗೂಡಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಳಗೆ ಬಗ್ಗಿ, “ನಡೀತೈತಿ ಅತ್ತಿಗಿ,” ಎಂದರು. ಹೊಗೆಯಿಂದಲೋ ಏನೋ, ಕಣ್ಣು ಒರೆಸಿಕೊಂಡರು. ಮಾವನವರು ಗೂಡಿನ ಬಿರುಕಿನ ಮೇಲೆ ಕೈಯಾಡಿಸಿದರು. ಆಮೇಲೆ ಹುಸೇನಪ್ಪನಿಗೆ, “ಒಂದಾ ಕಟ್ಟಪಾ. ಬಾಯಿ ಸ್ವಲ್ಪ ಅಗಲ ಇರ್ಲಿ,” ಎಂದರು.

ನಾನು ಗಡಿಬಿಡಿಯಲ್ಲಿ ಉಳಿದ ಮಜ್ಜಿಗೆಯನ್ನು ಮೊದಲು ಸಣ್ಣಮಾವನಿಗೆ ಕೊಟ್ಟುಬಿಟ್ಟೆ. ಅವರು ಅರ್ಧ ಕುಡಿದು ತಂಬಿಗೆಯನ್ನು ಅಣ್ಣನ ಕಡೆ ಸರಿಸಿದರು. ಮಾವ ಉಳಿದದ್ದನ್ನು ಕುಡಿದರು.

ಅದಾದ ಮೇಲೆ ಅಣ್ಣತಮ್ಮ ಕೂಡಿ ಉಂಡರು, ಗೋಡೆ ಬಿತ್ತು ಎಂದು ಹೇಳಿದರೆ ನಿಮಗೆ ಹಿತವಾದೀತು, ಹಾಗಾಗಲಿಲ್ಲ. ಗೋಡೆ ಅವರಿಬ್ಬರಿಗಿಂತ ಹೆಚ್ಚು ಬಾಳಿತು. ಆದರೆ ಹೊಸ ಗಾರೆ ಗಟ್ಟಿಯಾಗುವ ತನಕ ಮುಂಜಾನೆ ಅಣ್ಣ, ಸಂಜೆ ತಮ್ಮ ಮಾಳಿಗೆ ಹತ್ತಿ ನೀರು ಹೊಡೆದರು. ಗಾರೆ ಒಣಗಿ ಕಲ್ಲಾದ ಮೇಲೂ ಕೆಲವು ದಿನ ಇಬ್ಬರೂ ಸಂಜೆಯ ಹೊತ್ತಿಗೇ ಕೊಡ ಹಿಡಿದು ಹತ್ತುವುದು ಕಂಡಿತು. ಮಳೆಯ ಮಾತು, ಜೋಳದ ಮಾತು ತುಣುಕುತುಣುಕಾಗಿ ಕೆಳಗಿಳಿದು ಬರುತ್ತಿತ್ತು. ಅತ್ತೆ ಬಾಯಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸುತ್ತಿದ್ದರು. ಆಚೆ ಬದಿಯಲ್ಲಿ ಸಣ್ಣತ್ತೆಯ ಬಳೆಯೂ ಸದ್ದು ಮಾಡುತ್ತಿರಲಿಲ್ಲ.

“ಅತ್ತೀ, ನೀರು ಆರಿ ಹೊಂಟಾವು!” ಸೊಸೆ ಕೂಗಿದಳು. ಮಳೆ ಯಾವಾಗಲೋ ನಿಂತಿತ್ತು. ಸ್ನಾನ ಮುಗಿಸಿ ದಿನಾ ನಾನು ಮುಂದಿನ ಕೋಣೆಯ ಕಿಟಕಿಗೆ ಹೋಗಿ ಕೂರುವವಳು. ನನ್ನ ತಿಂಡಿ ಅಲ್ಲಿಗೇ ಬರುತ್ತದೆ. ಇವತ್ತು ಮಣೆ ಎಳೆದುಕೊಂಡು ಅಡುಗೆಮನೆಯಲ್ಲೇ ಕೂತೆ. ಅವಳು ಏನು ಬೇಕಿತ್ತೋ ಎಂಬಂತೆ ನೋಡಿದಳು. “ನಿಮ್ಮ ರೂಪನಗುಡಿಯಾಗ ಮಳಿ ಹೆಂಗೈತಂತವಾ?” ಎಂದು ಅವಳ ತವರಿನ ಮಾತು ತೆಗೆದೆ.

ಸೌಟು ಕೆಳಗಿಟ್ಟು ನನ್ನತ್ತ ತಿರುಗಿದಳು. ಆಮೇಲೆ ಮಳೆಯಿಂದ ಅವಳಪ್ಪನ ಮಂಡಿನೋವಿಗೆ, ಅಲ್ಲಿಂದ ತಂಗಿಯ ಮದುವೆಗೆ ಮಾತು ಹೋಯಿತು. ಸಾರು ಉಕ್ಕಿ ಒಲೆಗೆ ಸುರಿದದ್ದನ್ನು ಇಬ್ಬರೂ ನೋಡಲಿಲ್ಲ.