ಗಿರಾಕಿಯಂತೆ ನಿಂತವನು

ಎಲ್ಲರೂ ಫೋನಿನಲ್ಲೇ ಹಣ ಕೊಡುವ ಈ ಕಾಲದಲ್ಲೂ ಬೋಳಾರದ ನನ್ನ ಹೋಟೆಲಿನ ಮೂಲೆಯಲ್ಲಿ ನಾಣ್ಯಕ್ಕೆ ಹಾಡುವ ಪೆಟ್ಟಿಗೆಯೊಂದು, ಚಿಪ್ಸ್ ಕೊಡುವ ಯಂತ್ರವೊಂದು ಇದ್ದವು. ಅವುಗಳ ಮಾಲೀಕ ವಾರಕ್ಕೊಮ್ಮೆ ಬರುತ್ತಿದ್ದ. ಬೀಗ ತೆರೆಯುವ ಮೊದಲು ತನ್ನದೇ ನಾಣ್ಯ ಹಾಕಿ ಗಿರಾಕಿಯಂತೆ ಕಾಯುತ್ತಿದ್ದ. ಯಾರಾದರೂ ಯಂತ್ರಕ್ಕೆ ಗುದ್ದಿದರೆ, "ಹೊಡೆಯಬೇಡಿ ಮಾರಾಯ್ರೆ, ಕೇಳಿದರೆ ಕೊಡ್ತದೆ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಮೀನು ಮಾರುವ ಅಕ್ಕ, ಸಿಕ್ಕಿಕೊಂಡ ಪೊಟ್ಟಣ ಎಳೆಯಲು ಯಂತ್ರದ ಬಾಯಿಗೆ ಕೈ ಹಾಕಿದರು. ಒಳಗಿನ ತಗಡು ಮಣಿಕಟ್ಟನ್ನು ಕಚ್ಚಿ ಹಿಡಿಯಿತು. ಬೆರಳುಗಳು ನೀಲಿಯಾಗತೊಡಗಿದವು. ಪಕ್ಕದ ಪೆಟ್ಟಿಗೆ ಮದುವೆಯ ಹಾಡು ಹಾಡುತ್ತಲೇ ಇತ್ತು. ಹಲ್ಲುನೋವಿಗೂ ಉಯಿಲು ಬರೆಯಲು ಯೋಚಿಸುವವ ನಾನು. ಫೋನ್ ಮಾಡಿ ಯಂತ್ರದ ಮಾಲೀಕನನ್ನು ಕರೆಸುವಷ್ಟರಲ್ಲಿ ಮನಸ್ಸಿನಲ್ಲೇ ಪೊಲೀಸ್ ಠಾಣೆಗೂ ಹೋಗಿ ಬಂದಿದ್ದೆ.

ಬಂದವನ ಕೀಲಿ ತುಕ್ಕು ಹಿಡಿದ ಬೀಗದೊಳಗೇ ಮುರಿಯಿತು.

"ಎಂತ ನೋಡ್ತೀರಿ? ಕೈ ಹೋದ ಮೇಲೆ ಮೀನು ಕೊಯ್ಯುವುದು ನಿಮ್ಮ ಈ ಡಬ್ಬವಾ?" ಅಕ್ಕ ಅಳುತ್ತಲೇ ಬೈದರು.

"ಗಾಜು ಒಡೆದರೆ ಮೇಲಿಂದ ತಗಡು ಎತ್ತಬಹುದು," ಅಂದ. "ಆದರೆ ಇದರ ಗಾಜು ಈಗ ಎಲ್ಲಿಯೂ ಸಿಗುವುದಿಲ್ಲ."

ಯಾರಿಗೆ ಹೇಳಿದನೋ. ಮರುಕ್ಷಣ ತೆಂಗಿನಕಾಯಿ ಒಡೆಯುವ ಕತ್ತಿ ತಂದು, ಅಕ್ಕನ ಮುಖಕ್ಕೆ ಅವರದೇ ಸೆರಗು ಮುಚ್ಚಿ, ಕತ್ತಿಯ ಹಿಂಬದಿಯಿಂದ ಒಂದೇ ಏಟು ಹೊಡೆದ.

ಕೈ ಹೊರಬಂತು. ಅಕ್ಕ ಬೆರಳು ಮಡಚಿ, ಬಿಡಿಸಿ ನೋಡಿ ಉಸಿರು ಬಿಟ್ಟರು. ಅವನು ಚೂರುಗಳ ನಡುವಿನಿಂದ ಆ ಪೊಟ್ಟಣ ತೆಗೆದು ಅವರ ಬುಟ್ಟಿಯಲ್ಲಿಟ್ಟ. ಆಮೇಲೆ ಜೇಬಿನಿಂದ ನಾಣ್ಯ ತೆಗೆದು ಒಡೆದ ಯಂತ್ರಕ್ಕೆ ಹಾಕಿ, ಗಿರಾಕಿಯಂತೆ ಕಾದು ನಿಂತ.